ಆಚೆ ದಡದ ವಾಸನೆ

ತದಡಿಯ ಧಕ್ಕೆಯಲ್ಲಿ ಬೋಟು ಸೀಟಿ ಹೊಡೆದರೆ
ನನ್ನ ಚಾ ಅಂಗಡಿಯ ಬೆಂಚಿನಡಿಯಿಂದ
ಸೋಡಾ ಬಾಟಲಿಯ ಗೋಲಿಯಂತೆ ಸಿಡಿಯುತ್ತಿತ್ತು ಒಂದು ನಾಯಿ.
ಅದಕ್ಕೇ ಅದರ ಹೆಸರು ಸೀಟಿ.
ಹತ್ತು ತಿಂಗಳ ಪ್ರಾಯ, ಬೆಲ್ಲದ ಬಣ್ಣ,
ಒಂದು ಕಿವಿ ನೆಟ್ಟಗೆ, ಇನ್ನೊಂದು ಇನ್ನೂ ಯೋಚನೆಯಲ್ಲಿ.

ಟಿಕೇಟಿಲ್ಲದೆ ಹೋಗುತ್ತಿತ್ತು ಅಘನಾಶಿನಿಗೆ.
ಅಲ್ಲಿ ಬಳಚು ಹೆಕ್ಕುವ ಮಂಕಾಳಿಯ ಹಿತ್ತಲಲ್ಲಿ
ಒಂದು ಕರಿ ಹೆಣ್ಣು.
ನದಿ ಅಷ್ಟಗಲ. ಉಪ್ಪು ಗಾಳಿ, ಡೀಸೆಲ್, ಒಣಮೀನು,
ಇಷ್ಟೆಲ್ಲದರ ನಡುವೆ ಆ ಒಂದು ವಾಸನೆಯ
ದಾರದ ತುದಿ ಹೇಗೆ ಸಿಕ್ಕಿತೋ ಅದಕ್ಕೆ.
ಬರುವಾಗ ಕುಂಟು ಕಾಲು, ಕಚ್ಚಿಸಿಕೊಂಡ ಕುತ್ತಿಗೆ.
ಒಮ್ಮೆ ಕೊನೆಯ ಬೋಟು ತಪ್ಪಿ ಈಜಿಕೊಂಡೇ ಹೊರಟಿತ್ತು.
ಇಳಿತದ ಹೊತ್ತು, ಅಳಿವೆಯ ಕಡೆ ಎಳೆದೊಯ್ದದ್ದನ್ನು
ಬಲೆಯವರು ಎತ್ತಿ ತಂದು ನನ್ನ ಮುಂದೆ ಸುರಿದರು.
ಆವತ್ತೇ ನಿಶ್ಚಯಿಸಿದೆ.

ಕುಮಟೆಯ ದನದ ಆಸ್ಪತ್ರೆಯಲ್ಲಿ
'ಮಾಲೀಕರು' ಎಂದಿದ್ದಲ್ಲಿ ಸಹಿ ಹಾಕಿದೆ.
ಕೈ ನಡುಗಿತು.
ಒಂದು ಜೀವಕ್ಕೆ ನಾನು ಮಾಲೀಕಳೆಂದು
ಮೊದಲ ಸಲ ಕಾಗದ ಹೇಳುತ್ತಿತ್ತು.

"ಗಂಡು ಪ್ರಾಣಿ ಮಾರಾಯ್ತಿ, ಪಾಪ ಅಲ್ದಾ?"
ಬೋಟಿನ ಹಗ್ಗ ಎಸೆಯುವ ಜಟ್ಟಿ ಕೇಳಿದ,
ಕೇಳುತ್ತ ಕೇಳುತ್ತ ತನ್ನ ಲುಂಗಿ ಬಿಗಿ ಮಾಡಿಕೊಂಡ.
ಇನ್ನು ಬೊಗಳುವುದಿಲ್ಲ ಎಂದ ಒಬ್ಬ,
ಹಂದಿಯ ಹಾಗೆ ಊದುತ್ತದೆ ಎಂದ ಇನ್ನೊಬ್ಬ,
ಇಬ್ಬರೂ ಚಾದ ದುಡ್ಡು ಬಾಕಿ.

ಒಂದು ತಿಂಗಳು ಏನೂ ಆಗಲಿಲ್ಲ.
ತಳ ಕತ್ತರಿಸಿದ ಬಕೇಟು ಕೊರಳಿಗೆ ಕಟ್ಟಿಕೊಂಡೇ
ಸೀಟಿ ಕೇಳಿದರೆ ಧಕ್ಕೆಗೆ ಓಡಿ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿತ್ತು.
ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು:
"ಭರತ ಇಳಿದ ಮೇಲೂ ಗಜನಿ ಗದ್ದೆಯಲ್ಲಿ
ನೀರು ನಿಂತಿರ್ತದಲ್ಲ, ಹಾಗೆ. ಕಾಯಿರಿ."

ಕಾದೆ. ಒಂದು ಮಧ್ಯಾಹ್ನ ಬೋಟು ಸೀಟಿ ಹೊಡೆಯಿತು.
ಬೆಂಚಿನಡಿ ಒಂದು ಕಿವಿ ಎದ್ದಿತು, ಕೂತಿತು.
ಅಷ್ಟೆ.
ಗೆದ್ದೆನೆಂದು ಅನಿಸಬೇಕಿತ್ತು ನನಗೆ.

ಕಂಬಕಂಬಕ್ಕೆ ಕಾಲೆತ್ತುವುದು ಕಡಿಮೆಯಾಯಿತು. ಹಸಿವು ಹೆಚ್ಚಿತು,
ಬಂಗಡೆಯ ತಲೆಗೆ ಮೊದಲೇ ಸಾಲು ಹಿಡಿಯಿತು.
ಆದರೆ ಗುಡುಗಿಗೆ ಈಗಲೂ ನನ್ನ ಸೀರೆಯೊಳಗೆ ಮೂಗು.
ಜಟ್ಟಿಯನ್ನು ಕಂಡರೆ ಈಗಲೂ ಹಲ್ಲು.
"ಎಲ್ಲಾ ತೆಗೆಸಿದ್ಯಲ್ಲೇ, ಈ ಸಿಟ್ಟು ಎಂತಕ್ಕೆ ಉಳೀತು?"
ಮರಿಯಿದ್ದಾಗ ಕಲ್ಲು ಹೊಡೆದದ್ದು ನೆನಪಿಲ್ಲ ಅವನಿಗೆ.
ಅದು ಬೀಜದಲ್ಲಿದ್ದ ಸಿಟ್ಟಲ್ಲ ಜಟ್ಟಿ,
ಬೆನ್ನಲ್ಲಿದ್ದದ್ದು.

ಮೂರನೆಯ ಹೆರಿಗೆಯ ಮೇಲೆ ಇದೇ ಕುಮಟೆಯಲ್ಲಿ
ಶಾಲೆಯ ಬೆಂಚು ಜೋಡಿಸಿ ಮಲಗಿಸಿ ನನಗೂ ಮಾಡಿದ್ದರು.
ಸಹಿ ಗಂಡನದು.
ಹೊಟ್ಟೆ ಒತ್ತಿ ಹಿಡಿದು ಇದೇ ಬೋಟಿನಲ್ಲಿ ಬಂದೆ,
ಮರುದಿನ ಒಲೆ ಹೊತ್ತಿಸಿದೆ.
ಶೇವಂತಿ ಬದಲಾದಳೇ, ಮೊದಲಿನ ಹಾಗೆ ಬೊಗಳುತ್ತಾಳೆಯೇ
ಎಂದು ಧಕ್ಕೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

ನಿನ್ನೆ ಸಂಜೆ ನಾಯಿ ತಾನಾಗಿ ಎದ್ದು ಬೋಟು ಹತ್ತಿತು.
ಓಡಲಿಲ್ಲ. ನಡೆದು ಹೋಗಿ ಮೂತಿಯಲ್ಲಿ ಕೂತಿತು,
ಕಣ್ಣು ಅರೆಮುಚ್ಚಿ, ಗಾಳಿಗೆ ಮುಖ ಕೊಟ್ಟು.
ಆಚೆ ಧಕ್ಕೆಗೆ ಕರಿ ಹೆಣ್ಣು ಬಂದಿತ್ತಂತೆ.
ಮೂಗಿಗೆ ಮೂಗು ತಾಗಿಸಿತಂತೆ. ಇಳಿಯಲಿಲ್ಲ.
ಅದೇ ಬೋಟಿಗೆ ವಾಪಸ್.

"ಮತ್ತೆ ಹೋದದ್ದು ಎಂತಕ್ಕೆ ಅದು?" ಜಟ್ಟಿಗೆ ತಲೆಬಿಸಿ.
ನನಗೂ ಗೊತ್ತಿಲ್ಲ.
ಬೆಂಚಿನಡಿ ಮಲಗಿ ನಿದ್ದೆಯಲ್ಲಿ ಕಾಲಾಡಿಸುತ್ತಿತ್ತು,
ಈಜುತ್ತಿತ್ತೋ, ಓಡುತ್ತಿತ್ತೋ.

ಡಬ್ಬಿಯಿಂದ ಚಿಲ್ಲರೆ ಎಣಿಸಿ ಕೊಟ್ಟೆ ಜಟ್ಟಿಗೆ:
ಇದು ನಾಯಿಯ ಇವತ್ತಿನ ಟಿಕೇಟು,
ಇದು ನಾಳೆ ಸಂಜೆಗೆ, ನನ್ನದು.
"ಆಚೆ ಎಂತ ಕೆಲ್ಸ ನಿಂಗೆ?"
ಎಂತದೂ ಇಲ್ಲ.