ಕೋಟು ಹಿಡಿದವನು

ತೇಮಾ ಬಂದರಿನ ಕೋರ್ಟಿನಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು.
ಇಪ್ಪತ್ತಾರು ವರ್ಷ ಟ್ಯೂನಾ ಮೀನಿನ ಹೊಟ್ಟೆ ಸೀಳಿದ,
ಬೆರಳ ಸಂದಿನ ವಾಸನೆ ಭಾನುವಾರದ ಸೋಪಿಗೂ ಹೋಗದ
ಕೊರ್ಕೊಯ್ ಮುಂದಿನ ಬೆಂಚಿನಲ್ಲಿ.
ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ, ಡಬ್ಬಿ ತುಂಬ ಸಂಬಳದ ಚೀಟಿ.

ಪ್ರತಿ ಚೀಟಿಯಲ್ಲೂ ಒಂದು ಸಾಲು: ಪಿಂಚಣಿಗೆ ಮುರಿದದ್ದು.
ಮುರಿದದ್ದು ನಿಜ. ಕಟ್ಟಿದ್ದು ಎಲ್ಲೂ ಇಲ್ಲ.
ಕಟ್ಟು ಅಂತ ಕೋರ್ಟು ಹೇಳಿ ಎರಡು ವರ್ಷ;
ಆಫೀಸಿನ ಬಾಗಿಲು ಮಾತ್ರ, ದೆವ್ವಕ್ಕೆ ಹೇಳಿದ ಹಾಗೆ,
ಅವಳಿಗೆ ನಾಳೆ ಬಾ, ನಾಳೆ ಬಾ.

ನ್ಯಾಯಾಂಗ ನಿಂದನೆ, ಎಂದರು ನ್ಯಾಯಾಧೀಶೆ
ಕನ್ನಡಕ ತೆಗೆದು, ಬೆವರು ಒರೆಸಿ. ಹದಿನಾಲ್ಕು ದಿನ.
ಓಹೋ, ಅಂದುಕೊಂಡಳು ಕೊರ್ಕೊಯ್,
ಮಾತು ಕೇಳದೆ ಹೋದರೆ ಅದಕ್ಕೊಂದು ಹೆಸರೇ ಇದೆ,
ಮಾತು ದೊಡ್ಡವರದಾದರೆ.

ಧಣಿ ಎದ್ದ. ಬೆಲ್ಟು ಬಿಚ್ಚಿದ, ಶೂ ದಾರ ಬಿಚ್ಚಿದ.
ಗಡಿಯಾರ ಬಿಚ್ಚಿದಾಗ ಮಣಿಕಟ್ಟಿನಲ್ಲಿ ಒಂದು ಬಿಳಚು ಪಟ್ಟಿ,
ಬಿಸಿಲನ್ನೇ ಕಾಣದ ಎಳೆ ಚರ್ಮ.
ಯಾಕೋ ಪಾಪ ಅನಿಸಿ
ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹೊರಗೆ ಡ್ರೈವರ್ ಸೆನ್ಯೋ
ಧಣಿಯ ಕೋಟನ್ನು ಕೂಸಿನ ಹಾಗೆ ತೋಳ ಮೇಲೆ ಹಾಕಿಕೊಂಡು
ಎಲ್ಲಿ ಇಡಬೇಕೋ ತಿಳಿಯದೆ ನಿಂತಿದ್ದ.
ಉಪ್ಪುಗಾಳಿ ಅದರ ಖಾಲಿ ತೋಳುಗಳನ್ನು ಅಲ್ಲಾಡಿಸುತ್ತಿತ್ತು.
ಅವಳು ದಾಟುವಾಗ ದನಿ ತಗ್ಗಿಸಿದ:
ಅಕ್ಕಾ, ನಮ್ಮ ನಂಬರು ಕೊಟ್ಟು ನೋಡಿಸೋದು
ಯಾವ ಕಿಟಕಿಯಲ್ಲಿ?
ನನ್ನದೂ ಹನ್ನೊಂದು ವರ್ಷ ಮುರಿದಿದ್ದಾರೆ.