ಬಿಟ್ಟುಹೋದ ಸೊನ್ನೆ

ಬ್ಲೂಮ್‌ಫಾಂಟೇನ್‌ನಲ್ಲಿ ಜುಲೈ; ಹುಲ್ಲ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ.
ಔಷಧಿ ಬೆರೆಸುವ ಕೋಣೆಯಲ್ಲಿ ನಾನೊಬ್ಬಳೇ, ಕೈಗೆ ಎರಡೆರಡು ಗವಸು.
ಚೀಟಿ ಓದಿದೆ, ಮತ್ತೆ ಓದಿದೆ,
ಫೋನ್ ಎತ್ತಿದೆ:
"ಡಾಕ್ಟರ್ ಮೊಲೆಫಿ, ಇಲ್ಲೊಂದು ಸೊನ್ನೆ ಬಿಟ್ಟುಹೋಗಿದೆ."

"ಇಲ್ಲ ಶಾರ್ನೆಲ್, ಬೇಕೆಂದೇ ಬಿಟ್ಟದ್ದು.
ಊರಿಗೆಲ್ಲ ಮದ್ದಾದದ್ದು ಅವನಿಗೆ ವಿಷ.
ಹರಿದ ಎಳೆ ಹೊಲಿದುಕೊಳ್ಳುವ ಸೂಜಿ
ಆ ಮೈಯ ಒಂದು ಕಣದಲ್ಲೂ ಇಲ್ಲ."

ಟರ್ಟಿಯಸ್ ಫಾನ್ ಎಕ್, ಮೂವತ್ತೊಂದು, ಉಣ್ಣೆ ವಿಂಗಡಿಸುವವನು.
ಎಡಗೈಗೆ ಹೆಬ್ಬೆರಳಿಲ್ಲ, ಹುಟ್ಟಿದಾಗಿನಿಂದ.
ಎಂಟರಲ್ಲಿ ಎಲುಬು ಸೋತಾಗ ಅಕ್ಕ ತನ್ನ ಮಜ್ಜೆ ಕೊಟ್ಟಳು;
ಈಗ ಎಲುಬಿಲ್ಲದ ನಾಲಿಗೆಯ ಸರದಿ.
ಅದಕ್ಕೆ ದಾನಿಗಳಿಲ್ಲ.
ಅರ್ಧ ಕತ್ತರಿಸಿದ್ದಾರೆ. ಉಳಿದರ್ಧಕ್ಕೆ ಈ ಹನಿಗಳು.

ಕಡಿಮೆಯಾದರೆ ಗಡ್ಡೆ ಗೆಲ್ಲುತ್ತದೆ,
ಹೆಚ್ಚಾದರೆ ಕೊಂದವಳು ನಾನು.
ಸಿರಿಂಜಿನ ಎರಡು ಗೆರೆಗಳ ನಡುವೆ
ಒಂದು ಉಪ್ಪಿನ ಹರಳು ಕೂರುವಷ್ಟೇ ಜಾಗ.

ಚೀಲವನ್ನು ನಾನೇ ಒಯ್ದೆ. ನರ್ಸ್ ಒಯ್ಯಬಹುದಿತ್ತು.
ಅಕ್ಕ ಕೇಳಿದಳು, "ಇಷ್ಟೇನಾ?"
ಎದೆಮಟ್ಟಕ್ಕೆ ಬರುವ ಆಳು, ಬಾಯಿ ಮುಚ್ಚಿಕೊಂಡೇ ನಕ್ಕ,
ಬಿಲ್ಲಿನ ಬೆನ್ನಿಗೆ ಬರೆದು ತೋರಿಸಿದ:
"ಚಿಕ್ಕ ಕುರಿಗೆ ಚಿಕ್ಕ ಕತ್ತರಿ."

ಕೋಣೆಗೆ ಮರಳಿ ಬಂದು
ಚೀಟಿಯನ್ನು ಇನ್ನೊಮ್ಮೆ ಓದಿದೆ.