ಹುರಿಗಳ ನಡುವೆ ನೀರು

ನಿನ್ನೆ ಹಾಸಿನ ನೂಲಿಗೆ ಹಚ್ಚಿ ಮಿಕ್ಕ ಗಂಜಿ
ಬೆಳಗಾಗುವುದರೊಳಗೆ ಗಟ್ಟಿಯಾಗಿತ್ತು,
ಪೊರೆ ಬಂದ ಕಣ್ಣಿನ ಹಾಗೆ ಮಬ್ಬು,
ಮೇಲೊಂದು ಬೆರಳು ತಿಳಿನೀರು.
"ಗಂಜಿ ನೀರು ಕಾರೇತಿ, ಇನ್ನ ನೂಲಿಗೆ ಹತ್ತಂಗಿಲ್ಲ"
ಅಂದಳು ಕಮತಗಿಯ ನಿಂಬೆವ್ವ ಚಿಗವ್ವ,
ಬೋಗುಣಿ ಒಯ್ದು ಆಡಿನ ಮುಂದಿಟ್ಟಳು.
ಆಡು ಮೂಸಿತು, ಒಮ್ಮೆ ನೆಕ್ಕಿ ಮುಖ ತಿರುವಿತು.
ಉಳಿದದ್ದರಲ್ಲಿ ಒಂದು ಚಮಚ
ನನ್ನ ಊಟದ ಡಬ್ಬಿ ಸೇರಿತು.

ಬಾಗಲಕೋಟೆಯ ಕಾಲೇಜಿನಲ್ಲಿ
ನಾನು ಎಕ್ಸ್‌-ರೇ ಯಂತ್ರ ಕಾಯುವವ.
ಮುರಿದ ಕೈಕಾಲಿನದಲ್ಲ, ಪುಡಿಗಳದು.
ಸಿಮೆಂಟು, ಸುಣ್ಣ, ಘಟಪ್ರಭೆಯ ಮಣ್ಣು,
ಯಾರು ಏನು ತಂದರೂ ಅದರ ಒಳಗಿನ ಸಾಲು
ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ.
ಬಿಸಿ ಗಂಜಿಯನ್ನು ಹಿಂದೊಮ್ಮೆ ಇಟ್ಟು ನೋಡಿದ್ದೆ:
ಬರೀ ದಿಬ್ಬ. ಯಾವ ಸಾಲೂ ಇಲ್ಲ,
ಸಂತೆ ಮುಗಿದ ಮೇಲಿನ ಜನದ ಹಾಗೆ.

ತಂಗಳು ಗಂಜಿ ಬೇರೆಯೇ ಬರೆಯಿತು.
ದಿಬ್ಬದ ಮೇಲೆ ಒಂದು ಚೂಪು, ಆಚೆ ಇನ್ನೊಂದು.
ಹಂಪಣ್ಣವರ ಸರ್ ಕನ್ನಡಕ ಏರಿಸಿ
"ಹರಳು ಕಣೋ ಇದು" ಅಂದರು.
ನಾನು ನಕ್ಕೆ. ಹರಳು ಅಂದರೆ ಉಪ್ಪು,
ಹರಳು ಅಂದರೆ ಮೂಗುತಿ.
ಅವರು ಹಾಜರಿ ಪುಸ್ತಕದ ಹಿಂದೆ ಬಿಡಿಸಿದರು:
ಸಕ್ಕರೆಗೆ ಸಕ್ಕರೆ ಕೈ ಹಿಡಿದ ಉದ್ದನೆಯ ಸರಪಳಿ,
ಎರಡು ಸರಪಳಿ ಹೊಸೆದು ಒಂದು ಹುರಿ,
ಆರು ಹುರಿ ಸುತ್ತ ನಿಂತು
ನಡುವೆ ಒಂದು ಸಣ್ಣ ಬಾವಿ.
ಬಾವಿಯಲ್ಲಿ ನೀರು.
"ಮೇಲೆ ಬಂದ ನೀರು ಹೊರಗಿನದು.
ಇದು ಒಳಗೇ ಉಳಿದದ್ದು. ಇದನ್ನು ತೆಗೆದು ನೋಡು."

ತೆಗೆದೆ. ರಾತ್ರಿಯಿಡೀ ಒಲೆಯಲ್ಲಿಟ್ಟೆ.
ಬೆಳಿಗ್ಗೆ ಗೆರೆಗಳು ಕುಸಿದಿದ್ದವು.
ಚಿಗವ್ವನ ಗಂಜಿ ಸುಟ್ಟೆನೆಂದು
ಯಾರಿಗೂ ಹೇಳಲಿಲ್ಲ.
ಗಾಜಿನ ಮುಚ್ಚಳದಡಿ, ನೀರಿನ ಬಟ್ಟಲಿನ ಪಕ್ಕ
ಸುಮ್ಮನೆ ಇಟ್ಟು ಮರೆತೆ.
ಶುಕ್ರವಾರ ನೆನಪಾಗಿ ಮತ್ತೆ ನೋಡಿದರೆ
ಅದೇ ಚೂಪು, ಅದೇ ಜಾಗದಲ್ಲಿ.
ಹುರಿಗಳು ಎಲ್ಲಿಗೂ ಹೋಗಿರಲಿಲ್ಲ.
ಬಾಯಾರಿದ್ದವು ಅಷ್ಟೆ.

ಏಪ್ರಿಲ್. ಮಧ್ಯಾಹ್ನದ ಕಮತಗಿ.
ಬಿಸಿಲು ಬಾಗಿಲ ಸಂದಿಯಲ್ಲೂ ತೂರುತ್ತದೆ.
ಕುಣಿಯೊಳಗೆ ಕಾಲಿಳಿಸಿ ಕೂತ ಚಿಗವ್ವ
ಒದ್ದೆ ತಟ್ಟು ತಂದು ಮಗ್ಗದ ಕೆಳಗೆ ಹಾಸಿದಳು.
ಇಲ್ಲದಿದ್ದರೆ ಹಾಸಿನ ಎಳೆ ಪಟಪಟ ಕಡಿಯುತ್ತದೆ.
ಲಾಳಿ ಹೋಯಿತು, ಬಂತು.
ಹುರಿ, ಬಾವಿ, ಗೆರೆ, ಎಲ್ಲ ಹೇಳಿದೆ.
ಅರ್ಧ ನನಗೇ ತಿಳಿಯದ್ದು, ಅದನ್ನೂ ಹೇಳಿದೆ.

ಅವಳು ಕಡಿದ ಎಳೆಯೊಂದನ್ನು ಹುಡುಕಿ,
ಬೆರಳು ಎಂಜಲಿಗೆ ಮುಟ್ಟಿಸಿ ಹೊಸೆದು ಗಂಟು ಹಾಕಿದಳು.
ಆಮೇಲೆ ಕೇಳಿದಳು:
"ಆ ಬಾವ್ಯಾಗಿನ ನೀರು
ನಿಂತಲ್ಲೇ ನಿಂತಿರತೈತೋ,
ಇಲ್ಲಾ ಅಲ್ಲೇ ಅಡ್ಡಾಡತಿರತೈತೋ?"

ಸರ್‌ಗೆ ಕೇಳಬೇಕು ಅಂದುಕೊಂಡೆ.
ಸೋಮವಾರ ಯಂತ್ರ ಕೆಟ್ಟಿತ್ತು,
ಮಂಗಳವಾರ ಯಾರೋ ಸಿಮೆಂಟು ತಂದರು.
ಪ್ರಶ್ನೆ ನನ್ನೊಳಗೇ ಇದೆ,
ಕೆಲವು ದಿನ ನಿಂತಂತೆ,
ಕೆಲವು ದಿನ ಅಡ್ಡಾಡಿದಂತೆ.